ಉಣ್ಣಿ ಅದಾವೇನು?

ನಿಮ್ಮ ಮನೆಯ ನಾಯಿ ಉಣ್ಣದೆ ಮೂಲೆಯಲ್ಲಿ ಮುದುಡಿಕೊಂಡು ಮಲಗಿದ್ದರೆ ಇದನ್ನು ಓದುತ್ತ ಕೂಡಬೇಡಿ. ಮೊದಲು ಡಾಕ್ಟರ ಹತ್ತಿರ ಹೋಗಿ. ಆಮೇಲೆ ಬಂದು ಓದಿದರೂ ಇದರಲ್ಲಿರುವ ಬೈಗುಳ ಎಲ್ಲಿಗೂ ಓಡಿಹೋಗುವುದಿಲ್ಲ.

ನಾನು ಗಬ್ಬೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುವವಳು. ಗಿರಣಿಯ ಸದ್ದಿನಲ್ಲಿ ಕೂಗಿ ಕೂಗಿ ನನ್ನ ಗಂಟಲು ದೊಡ್ಡದಾಗಿದೆ. ಸಿಟ್ಟು ಮಾತ್ರ ತವರಿನಿಂದಲೇ ತಂದದ್ದು. ನಮ್ಮ ನಾಯಿ ಕೆಂಚಿ ಈಗ ಗಿರಣಿಯ ಕಟ್ಟೆಯ ಕೆಳಗೆ ಮಲಗಿದೆ. ಎಡಗಣ್ಣು ಕಾಣುವುದಿಲ್ಲ. ಆ ಕಡೆಯಿಂದ ಯಾರಾದರೂ ಬಂದರೆ ಬೆಚ್ಚಿ ಬೀಳುತ್ತದೆ, ಆಮೇಲೆ ಬೊಗಳುತ್ತದೆ. ಅದರ ಬಲಪಕ್ಕೆಯ ಮೇಲೆ ಕೂದಲಿಲ್ಲದ ಮೂರು ಪಟ್ಟೆಗಳಿವೆ. ಜೋಳ ಬೀಸಲು ಬಂದವರು "ಏನಾಗಿತ್ತು ಯವ್ವಾ ಇದಕ್ಕ?" ಎಂದು ಕೇಳುತ್ತಾರೆ. "ನಮ್ಮವರು ಪ್ರೀತಿ ಮಾಡಿದ್ರು" ಅನ್ನುತ್ತೇನೆ. ಅವರಿಗೆ ಅರ್ಥವಾಗುವುದಿಲ್ಲ. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಕೆಂಚಿಯನ್ನು ಯಾರೋ ಮರಿಯಿದ್ದಾಗ ಗಿರಣಿಯ ಮುಂದೆ ಬಿಟ್ಟುಹೋಗಿದ್ದರು. ನುಚ್ಚು ಅಂಬಲಿ ಹಾಕಿ ಬೆಳೆಸಿದವಳು ನಾನು. ದೊಡ್ಡದಾದ ಮೇಲೆ ಮಾವ ಯಂಕಪ್ಪ ಅದನ್ನು ಕುರಿಯ ಹಿಂದೆ ಕರೆದುಕೊಂಡು ಹೋದರು. ನಮ್ಮದು ಕುರಿ ಕಾಯುವ ಮನೆತನ. ಭತ್ತದ ಕೊಯ್ಲು ಮುಗಿದ ಕೂಡಲೇ ಮಾವ ಮತ್ತು ನನ್ನ ಮೈದುನ ಹನುಮಂತ ಮಂದೆ ಹೊಡೆದುಕೊಂಡು ಮಾನ್ವಿ ಕಡೆಯ ಕಾಲುವೆ ಗದ್ದೆಗಳಿಗೆ ಹೋಗುತ್ತಾರೆ. ರಾತ್ರಿ ಕುರಿ ತರುಬಿ ಮಲಗಿಸಿದ ಗದ್ದೆಗೆ ಗೊಬ್ಬರ, ಕುರಿಗೆ ಮೇವು. ಕೆಂಚಿ ಜೊತೆಗೆ ಬಂದಮೇಲೆ ತೋಳದ ಕಾಟವಿಲ್ಲದೆ ನಿದ್ದೆ ಮಾಡುತ್ತೇವೆ ಎಂದು ಮಾವ ಸಂತೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಅದು ನಿಜವೂ ಆಗಿತ್ತು.

ಆದರೆ ನನ್ನ ಮೊದಲ ಸಿಟ್ಟು ಇಲ್ಲಿಯೇ ಇದೆ. ನಮ್ಮ ಕುರಿಗಳಿಗೆ ಹಂಗಾಮಿಗೊಂದು ಸೂಜಿ, ಜಂತಿನ ಔಷಧ, ಉಣ್ಣೆ ಕತ್ತರಿಸಿದ ಮೇಲೆ ಮೈಗೆ ಔಷಧದ ಸ್ನಾನ. ಒಂದು ಮರಿ ಕೆಮ್ಮಿದರೆ ಮನೆಯ ಗಂಡಸರೆಲ್ಲ ಎದ್ದು ನಿಲ್ಲುತ್ತಾರೆ. ಆ ಎಲ್ಲ ಕುರಿಗಳನ್ನು ಕಾಯುವ ಜೀವಕ್ಕೆ ಏನು? ಒಣರೊಟ್ಟಿ. ಸೂಜಿ ಹಾಕುವವರು ಬಂದಾಗ ಕೆಂಚಿ ಸಾಲಿನ ಪಕ್ಕದಲ್ಲೇ ಬಾಲ ಆಡಿಸುತ್ತ ನಿಂತಿರುತ್ತಿತ್ತು, ಯಾರೂ ಅದರ ಕಡೆ ನೋಡುತ್ತಿರಲಿಲ್ಲ. "ನಾಯಿಗೂ ಒಂದು ಹಾಕಸ್ರಿ" ಎಂದು ನಾನು ಹೇಳಿದ್ದಕ್ಕೆ ಮಾವ ನಕ್ಕಿದ್ದರು. "ನಾಯಿ ಅಂದ್ರ ಗಟ್ಟಿ ಜೀವ ಮಾದೇವಿ. ಅದಕ್ಕೇನಾಕ್ಕದ?" ಎಂದಿದ್ದರು. ನಾಯಿಪಾಡು ಅಂತ ಬಾಯಿ ತುಂಬ ಬೈಯುತ್ತೇವಲ್ಲ, ಆ ಪಾಡನ್ನು ಮಾಡಿಟ್ಟವರು ಯಾರು?

ಕೆಂಚಿಗೆ ಹುಷಾರಿಲ್ಲ ಎನ್ನುವುದು ನನಗೆ ತಡವಾಗಿ ಗೊತ್ತಾಯಿತು. ಅದೂ ನನಗೆ ಹೇಳಿದ್ದಲ್ಲ. ನಮ್ಮನೆಯವರು ತಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗ ಕಿವಿಗೆ ಬಿತ್ತು. "ಮೂಗಿನ್ಯಾಗ ರಕ್ತ ಬರಾಕತ್ತದಂತಾ? ಹಂಗಾದ್ರ ಅದು ಉಳ್ಯಂಗಿಲ್ಲ ಬಿಡು. ಮತ್ತೊಂದು ಮರಿ ನೋಡೋಣು" ಎಂದರು. ನಾನು ಹಿಟ್ಟಿನ ಕೈಯಲ್ಲೇ ಫೋನ್ ಕಿತ್ತುಕೊಂಡೆ.

"ಯಾರ ಮೂಗಿನ್ಯಾಗ ರಕ್ತ?"

"ಕೆಂಚಿದು ಯಕ್ಕಾ," ಹನುಮಂತನ ದನಿ ಸಣ್ಣದಾಯಿತು. "ಒಂದ್ ವಾರಾತು, ಉಣ್ಣವಲ್ದು. ಚಾ ಬಣ್ಣದ ಉಚ್ಚಿ ಹೊಯ್ಯಾಕತ್ತದ. ಅಪ್ಪ ಚುಟಿಗಿ ಹಾಕ್ಯಾನ. ಈಗ ಆರಾಮ ಆಕ್ಕದ ಅಂತಾನ."

ಚುಟಿಗಿ ಎಂದರೆ ಕಾಸಿದ ಕಬ್ಬಿಣದಿಂದ ಬರೆ ಹಾಕುವುದು. ನಮ್ಮ ಕಡೆ ಕಾಮಣಿ, ಅಂದರೆ ಕಾಮಾಲೆ, ಆದ ಮಕ್ಕಳಿಗೂ ಹಾಕುತ್ತಿದ್ದರು, ದನಕ್ಕೂ ಹಾಕುತ್ತಿದ್ದರು. ಗಾಯದ ಮೇಲೆ ಬರೆ ಎನ್ನುವುದು ಮಾತಿಗೆ ಆಡುವ ಮಾತು ಅಂದುಕೊಂಡಿದ್ದೆ. ನಮ್ಮವರು ಮಾಡಿಯೇ ತೋರಿಸಿದರು.

ಗಿರಣಿಗೆ ಬೀಗ ಹಾಕಿದೆ. ನಮ್ಮನೆಯವರು ಬಾಗಿಲಲ್ಲಿ ನಿಂತು, "ಒಂದು ನಾಯಿ ಸಲುವಾಗಿ ಗಿರಣಿ ಬಂದ್ ಮಾಡ್ತಿ ಏನು? ಮಂದಿ ಏನಂತಾರ?" ಎಂದರು. "ಮಂದಿಗೆ ರೊಟ್ಟಿ ತಿನ್ನಾಕ ಹಿಟ್ಟು ಬೇಕು, ನಾ ಏನಾದ್ರ ಅವರಿಗೇನು" ಎಂದು ಹೇಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾವನಿಗೆ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಹೋದೆ. ಹಾಗೆ ಮಾಡದಿದ್ದರೆ ಅಳು ಬರುತ್ತಿತ್ತು.

ಅವರು ಬೀಡುಬಿಟ್ಟಿದ್ದ ಗದ್ದೆಗೆ ಹೋದಾಗ ಕೆಂಚಿ ಒಡ್ಡಿನ ಮೇಲೆ ಗೋಣಿತಾಟಿನಲ್ಲಿ ಮಲಗಿತ್ತು. ನನ್ನ ದನಿ ಕೇಳಿ ಬಾಲವನ್ನು ಒಮ್ಮೆ ನೆಲಕ್ಕೆ ಬಡಿಯಿತು. ಏಳಲು ಹೋಗಿ ಹಿಂಗಾಲು ಸೋತು ಕುಸಿಯಿತು. ಬಾಯಿ ತೆರೆದು ನೋಡಿದರೆ ಒಸಡು ಬಿಳಿ ಸುಣ್ಣ, ಕಣ್ಣಿನ ಬಿಳಿಭಾಗ ಹಳದಿ. ಪಕ್ಕೆಯ ಮೇಲೆ ಮೂರು ಬರೆ, ಅದರ ಸುತ್ತ ನೊಣ. ನಾನು ಅಲ್ಲೇ ಕೂತು ಸೆರಗಿನಿಂದ ನೊಣ ಓಡಿಸಿದೆ.

"ಯಾರು ಹಾಕಿದ್ದು ಇದನ್ನ?" ಎಂದೆ. ಗೊತ್ತಿದ್ದೂ ಕೇಳಿದೆ.

ಮಾವ ಕಂಬಳಿ ಹೊದ್ದು ನಿಂತಿದ್ದರು. "ನಾನs ಹಾಕೀನಿ. ಕಾಮಣಿ ಆಗ್ಯಾದ, ಕಣ್ಣು ನೋಡು ಹ್ಯಾಂಗ ಹಳದಿ ಆಗ್ಯಾವ. ಕುಡಗೋಲು ಕಾಸಿ ಹಾಕೀನಿ. ನನಗೂ ಸಣ್ಣಾಂವ ಇದ್ದಾಗ ಹಾಕಿದ್ರು." ಅಂಗಿ ಎತ್ತಿ ಹೊಟ್ಟೆಯ ಮೇಲಿನ ಹಳೆಯ ಕಲೆ ತೋರಿಸಿದರು. "ನಾ ಬದುಕಿಲ್ಲೇನು?"

"ನೀವು ಚುಟಿಗಿಯಿಂದ ಬದುಕಿಲ್ರೀ ಮಾವ. ಚುಟಿಗಿ ಹಾಕಿದ್ರೂ ಬದುಕೀರಿ!"

ಸೊಸೆ ಮಾವನಿಗೆ ಹಾಗೆ ಎದುರು ಮಾತಾಡುವುದು ನಮ್ಮಲ್ಲಿ ಇಲ್ಲ. ಹನುಮಂತ ತಲೆ ತಗ್ಗಿಸಿದ. ಗದ್ದೆಯ ಮಾಲೀಕ ದೂರದಲ್ಲಿ ನಿಂತಿದ್ದವನು, "ಹುಚ್ಚು ಹಿಡದಿರಬೇಕು, ದೂರ ಇರ್ರಿ. ಕಲ್ಲು ಹಾಕಿ ಮುಗಿಸೋದು ಚೊಲೊ" ಎಂದ. ಅವನ ಕಡೆ ನಾನು ನೋಡಿದ ನೋಟಕ್ಕೆ ಅವನು ಗದ್ದೆ ದಾಟಿ ಹೋದ. ಅವನ ಗದ್ದೆಗೆ ಗೊಬ್ಬರ ಬೇಕು, ಮಂದೆ ಕಾಯುವ ನಾಯಿಗೆ ಮಾತ್ರ ಕಲ್ಲು.

"ಡಾಕ್ಟರಿಗೆ ಒಂದು ಫೋನ್ ಮಾಡಾಕ ಏನಾಗಿತ್ತು ನಿಮಗ?" ಎಂದು ಹನುಮಂತನನ್ನು ಕೇಳಿದೆ.

"ಮಾಡಿದ್ನಲ್ಲಾ ಯಕ್ಕಾ. ಕುರಿ ಔಷಧದ ಅಂಗಡ್ಯಾಗ ರಾಯಚೂರಿನ ನಾಯಿ ಡಾಕ್ಟ್ರ ನಂಬರ್ ಕೊಟ್ಟಿದ್ರು. ಹೆಣ್ಮಗಳು, ಮೈಸೂರು ಕಡೆ ಮಾತು. ಉಣ್ಣವಲ್ದು ಅಂದ್ರ, ‘ಉಣ್ಣೆ ಇದೆಯಾ ಅದಕ್ಕೆ, ನೋಡಿದ್ರಾ?’ ಅಂತ ಕೇಳ್ತಾಳ! ನಾಯಿಗೆ ಎಲ್ಲಿದು ಉಣ್ಣಿ? ಅಮ್ಮಾರs, ಇದು ನಾಯಿ, ಕುರಿ ಅಲ್ಲ ಅಂದೆ. ಎಲ್ಲಾರೂ ನಕ್ರು. ಇಂಥಾಕಿ ಏನು ನೋಡ್ತಾಳ ಅಂತ ಫೋನ್ ಇಟ್ಬಿಟ್ಟೆ. ಆಮ್ಯಾಲೆ ಮೆಡಿಕಲ್ ಶಾಪಿನ್ಯಾಂವ ಮೈಕೈ ನೋವಿನ ಗುಳಿಗಿ ಕೊಟ್ಟ. ಅಪ್ಪನ ಮೊಣಕಾಲಿಗೆ ತಗೋತಾನಲ್ಲ, ಅದs."

ನಮ್ಮ ಮನೆಯಲ್ಲಿ ಉಣ್ಣಿ ಎಂದರೆ ಕುರಿಯ ಮೈಮೇಲಿಂದ ಕತ್ತರಿಸಿ ಕಂಬಳಿ ನೇಯುವ ಉಣ್ಣೆ. ಅದೊಂದೇ ಅರ್ಥ. ಕಚ್ಚಿ ರಕ್ತ ಹೀರುವ ಹುಳಕ್ಕೆ ನಾವು ಉಣಗು ಎನ್ನುತ್ತೇವೆ. ಡಾಕ್ಟರಮ್ಮ ಕೇಳಿದ್ದು ಯಾವುದನ್ನು ಎಂದು ಆಗ ನನಗೂ ಹೊಳೆಯಲಿಲ್ಲ. ಕೆಂಚಿಯ ಮೂಗಿನಿಂದ ಮತ್ತೆ ಒಂದು ಹನಿ ರಕ್ತ ಗೋಣಿತಾಟಿನ ಮೇಲೆ ಬಿತ್ತು. ಅದನ್ನು ತಾಟಿನ ಸಮೇತ ಎತ್ತಿಕೊಂಡು ರಸ್ತೆಗೆ ಬಂದೆ. ಎಷ್ಟು ಹಗುರಾಗಿತ್ತೆಂದರೆ ನನಗೆ ಹೆದರಿಕೆಯಾಯಿತು.

ರಾಯಚೂರಿನ ಬಸ್ಸಿನ ಕಂಡಕ್ಟರ್ ಬಾಗಿಲಲ್ಲೇ ಕೈ ಅಡ್ಡ ಹಿಡಿದ. "ನಾಯಿ ಹತ್ತಸಂಗಿಲ್ಲ ಯವ್ವಾ."

"ಕೋಳಿ ಹತ್ತಸ್ತೀರಿ, ಕುರಿಮರಿ ಹತ್ತಸ್ತೀರಿ, ಕುಡದು ಬಿದ್ದಾಂವನ್ನ ಎತ್ತಿ ಹತ್ತಸ್ತೀರಿ. ಇದಕ್ಕ ಮಾತ್ರ ಕಾಯ್ದೆ ಬಂತೇನು?"

ಅವನು ಸೀಟಿ ಊದಿದ. ಬಸ್ಸು ಹೋಯಿತು. ಬಿಸಿಲಿನಲ್ಲಿ ನಿಂತು ನಾನು ಬೈದ ಬೈಗುಳವನ್ನು ಇಲ್ಲಿ ಬರೆಯಲು ಬರುವುದಿಲ್ಲ. ಅಷ್ಟರಲ್ಲಿ ರೈಸ್ ಮಿಲ್ಲಿನ ಹೊಟ್ಟು ತುಂಬಿದ ಗೂಡ್ಸ್ ಆಟೋ ಒಂದು ತಾನಾಗಿಯೇ ನಿಂತಿತು. ಚಾಲಕ ಇಳಿದು ಏನೂ ಕೇಳದೆ ಎರಡು ಚೀಲ ಸರಿಸಿ ನೆರಳಿನ ಜಾಗ ಮಾಡಿದ. "ಅಲ್ಲಿ ಮಲಗಸ್ರಿ, ಮೆತ್ತಗದ" ಎಂದ. ರಾಯಚೂರಿನವರೆಗೂ ತಗ್ಗು ಬಂದಲ್ಲೆಲ್ಲ ಗಾಡಿಯ ವೇಗ ಇಳಿಸುತ್ತ ಬಂದ. ಅವನ ಹೆಸರು ಕೇಳುವುದನ್ನು ಮರೆತೆ. ಆ ದಿನ ನನ್ನ ಬಾಯಿಗೆ ಸಿಕ್ಕೂ ಬೈಸಿಕೊಳ್ಳದ ಮೊದಲ ಗಂಡಸು ಅವನೇ.

ನಾಯಿ ಡಾಕ್ಟರ ಕ್ಲಿನಿಕ್ಕಿನ ಹೊರಗೆ ಬೆಂಚು ತುಂಬಿತ್ತು. ಬುಟ್ಟಿಯಲ್ಲಿ ಬಿಳಿ ನಾಯಿಮರಿ ಇಟ್ಟುಕೊಂಡ ಹೆಂಗಸು ತನ್ನ ಮರಿಯನ್ನು ಆಚೆಗೆ ಸರಿಸಿಕೊಂಡಳು. ಹಾಗೆ ಮಾಡಿದ್ದು ಸರಿಯೇ, ರೋಗ ಹತ್ತಬಹುದು. ಆದರೆ ಅವಳು ನೋಡಿದ್ದು ನಾಯಿಯನ್ನಲ್ಲ, ಹೊಟ್ಟು ಮೆತ್ತಿದ ನನ್ನ ಸೀರೆಯನ್ನು. ಇನ್ನೊಬ್ಬರು ಶಕ್ತಿನಗರದ ಇಂಜಿನಿಯರ್. ಅವರ ದೊಡ್ಡ ನಾಯಿ ಹೊಳೆಯುವ ಪಟ್ಟಿ ಕಟ್ಟಿಕೊಂಡು ವರ್ಷದ ಸೂಜಿಗೆ ಬಂದಿತ್ತು. ನಾಯಿಗೆ ವರ್ಷಕ್ಕೊಂದು ಸೂಜಿ ಹಾಕಿಸುವ ಮನುಷ್ಯರೂ ಇದ್ದಾರೆ ಎನ್ನುವುದನ್ನು ನಾನು ಕಣ್ಣಾರೆ ಕಂಡದ್ದು ಅಂದೇ. ಅದಕ್ಕೂ ಸಿಟ್ಟು ಬಂತು. ಅವರ ಮೇಲಲ್ಲ.

ಕೆಂಚಿಯ ಉಸಿರು ಜೋರಾಗಿತ್ತು. ಬೆಂಚಿನ ಕೆಳಗೆ ಕಪ್ಪಗೆ ಡಾಂಬರಿನಂಥ ಮಲ ಹೋಯಿತು. ನಾನು ಸೆರಗಿನಿಂದ ಒರೆಸಲು ಬಗ್ಗಿದೆ. ಆ ಇಂಜಿನಿಯರ್ ಎದ್ದು ನಿಂತರು. "ಅದನ್ನ ಬಿಡ್ರಿ, ಅವರು ಒರಸ್ತಾರ. ಮುಂದಿನ ಪಾಳಿ ನಂದು, ನೀವು ಒಳಗ ಹೋಗ್ರಿ. ನಮ್ಮದೇನು ಅವಸರಿಲ್ಲ" ಎಂದರು. ಸಿಟ್ಟಿನಲ್ಲಿರುವವರಿಗೆ ಉಪಕಾರ ತೆಗೆದುಕೊಳ್ಳುವುದು ಬಹಳ ಕಷ್ಟ. ತಲೆ ಮಾತ್ರ ಆಡಿಸಿ ಒಳಗೆ ಹೋದೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಒಸಡು ನೋಡಿದಳು, ಕಣ್ಣು ನೋಡಿದಳು. ಬರೆ ನೋಡಿ ಹಲ್ಲು ಕಚ್ಚಿದಳು. ಯಾರಿಗಾದರೂ ಕಚ್ಚಿದೆಯಾ, ನೀರು ಕುಡಿಯುತ್ತದೆಯಾ ಎಂದು ಕೇಳಿದಳು. ಆಮೇಲೆ, "ಉಣ್ಣೆ ಇದೆಯಾ ನೋಡಿದ್ರಾ?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಅವಳು ಕೆಂಚಿಯ ಕಿವಿಯನ್ನು ಮಡಚಿ ಒಳಭಾಗ ತೋರಿಸಿದಳು. ಔಡಲ ಬೀಜ ಸಾಲಾಗಿ ಅಂಟಿಸಿದಂತೆ ಉಣಗುಗಳು. ರಕ್ತ ಕುಡಿದು ಉಬ್ಬಿದವು. ಕಾಲ್ಬೆರಳ ಸಂದಿಯಲ್ಲಿ ಇನ್ನಷ್ಟು, ಕೊರಳಪಟ್ಟಿಯ ಕೆಳಗೆ ಇನ್ನಷ್ಟು.

"ಇದನ್ನs ನೀವು ಉಣ್ಣಿ ಅಂತೀರೇನು?"

"ಮತ್ತೇನಂತಾರೆ?" ಎಂದು ನನ್ನ ಮುಖ ನೋಡಿದಳು. ಅವಳಿಗೆ ಏನೋ ನೆನಪಾಯಿತು. "ಮಾನ್ವಿ ಕಡೆಯಿಂದ ಒಬ್ಬರು ಫೋನ್ ಮಾಡಿದ್ರು. ಉಣ್ಣೆ ಇದೆಯಾ ಅಂತ ಕೇಳಿದ್ದಕ್ಕೆ ಇದು ನಾಯಿ ರೀ, ಕುರಿ ಅಲ್ಲ ಅಂತ ನಕ್ಕು ಫೋನ್ ಇಟ್ಟುಬಿಟ್ರು. ನಾನು ತಿರುಗಿ ಮಾಡಿದೆ, ಎತ್ತಲೇ ಇಲ್ಲ. ಅದು ಇದೇ ನಾಯಿನಾ?"

ನಾನು ಹೌದೆಂದೆ. ಅವಳ ಮುಖವೂ ಕೆಂಪಾಯಿತು. "ಅವತ್ತೇ ಕರ್ಕೊಂಡು ಬಂದಿದ್ರೆ ಮಾತ್ರೆಯಲ್ಲೇ ಮುಗೀತಿತ್ತು. ನೋವಿನ ಮಾತ್ರೆ ಬೇರೆ ಹಾಕಿದ್ದೀರಾ? ಇದು ಉಣ್ಣೆ ಕಚ್ಚಿ ಬರೋ ಜ್ವರ, ಇದರಲ್ಲಿ ರಕ್ತ ಮೊದಲೇ ಹೆಪ್ಪುಗಟ್ಟಲ್ಲ. ಮನುಷ್ಯರ ನೋವಿನ ಮಾತ್ರೆ ಹೊಟ್ಟೆಯೊಳಗೆ ಗಾಯ ಮಾಡುತ್ತೆ. ಅದಕ್ಕೇ ಮಲ ಕಪ್ಪಗಿದೆ. ಯಾರ್ರೀ ಹೇಳಿದ್ದು ನಿಮಗೆ?"

ಬಹಳ ಹೊತ್ತಿನಿಂದ ಒಬ್ಬಳೇ ಸಿಟ್ಟು ಹೊತ್ತುಕೊಂಡು ತಿರುಗಿದ್ದೆ. ಇನ್ನೊಬ್ಬಳು ಸಿಟ್ಟಾದದ್ದು ನೋಡಿ ನನಗೆ ಅಲ್ಲೇ ಅಳು ಬಂತು. ಅತ್ತುಕೊಂಡೇ ಹನುಮಂತನಿಗೆ ಫೋನ್ ಹಚ್ಚಿದೆ. "ಲೇ ಹನುಮ್ಯಾ, ಉಣ್ಣಿ ಅಂದ್ರ ಉಣಗು! ಆಕಿ ಉಣಗು ಅದಾವೇನು ಅಂತ ಕೇಳ್ಯಾಳ. ನೀ ನಕ್ಕಿ. ನಿನ್ನ ನಗಿಗೆ ಬೆಂಕಿ ಹಾಕ!" ಅವನು, "ಯಕ್ಕಾ, ಬದುಕ್ತದೇನು?" ಎಂದು ಕೇಳಿದ. ನಾನು ಫೋನನ್ನು ಡಾಕ್ಟರಮ್ಮನ ಕಡೆ ಹಿಡಿದೆ. "ಈ ಎರಡು ದಿನ ದಾಟಿದರೆ ನೋಡೋಣ" ಎಂದಷ್ಟೇ ಹೇಳಿದಳು.

ರಾಯಚೂರಿನಲ್ಲಿ ನನ್ನ ಅಕ್ಕನ ಮನೆ ಇದೆ. ಅವಳು ಹಿತ್ತಲಿನ ಬಚ್ಚಲ ಪಕ್ಕದ ತಗಡಿನ ಕೋಣೆ ಬಿಟ್ಟುಕೊಟ್ಟಳು. ಮುಂಬಾಗಿಲಿನಿಂದ ಮಾತ್ರ ಬರಬೇಡ, ಓಣಿಯವರು ನೋಡುತ್ತಾರೆ ಎಂದಳು. ಕಳ್ಳತನದ ಮಾಲಿನಂತೆ ಕೆಂಚಿಯನ್ನು ಹಿತ್ತಲಿನಿಂದ ತರುವುದು, ಆಟೋದಲ್ಲಿ ಕ್ಲಿನಿಕ್ಕಿಗೆ ಒಯ್ಯುವುದು, ಸಲಾಯಿನ್ ಏರಿಸುವಾಗ ಕಾಲು ಹಿಡಿದು ಕೂಡುವುದು. ಒಂದು ಸೂಜಿ ಬಹಳ ಉರಿಯುತ್ತಿತ್ತಂತೆ. ಅದನ್ನು ಹಾಕುವಾಗ ಕೆಂಚಿ ನನ್ನ ಕೈಯನ್ನು ಬಾಯಲ್ಲಿ ಹಿಡಿಯುತ್ತಿತ್ತು, ಕಚ್ಚುತ್ತಿರಲಿಲ್ಲ. ಬರೆ ಹಾಕುವಾಗಲೂ ಹೀಗೆಯೇ ಸುಮ್ಮನಿತ್ತಾ ಎಂದು ಯೋಚಿಸುತ್ತಿದ್ದೆ. ಆ ಯೋಚನೆ ಬಂದಾಗಲೆಲ್ಲ ಮಾವನ ಫೋನ್ ಬಂದರೂ ಎತ್ತುತ್ತಿರಲಿಲ್ಲ.

ಅಕ್ಕ ಮೊದಲು ಮೂಗು ಮುಚ್ಚಿಕೊಂಡು ಬಂದು ನೋಡಿ ಹೋದಳು. ಮರುದಿನ ಒಂದು ಬಟ್ಟಲು ಮಜ್ಜಿಗೆ ತಂದು ದೂರದಲ್ಲಿಟ್ಟಳು. ಕೆಂಚಿ ಅದನ್ನು ಮೂಸಿ ಬಿಟ್ಟಿತು. ಸಂಜೆ ಮತ್ತೆ ತಂದಳು, ಈ ಸಲ ಪಕ್ಕದಲ್ಲೇ ಕೂತಳು. ಕೆಂಚಿ ನಾಲಿಗೆ ಚಾಚಿ ಒಂದಿಷ್ಟು ನೆಕ್ಕಿತು. "ಕುಡೀತು! ಏ ಮಾದೇವಿ, ಕುಡೀತು ನೋಡs!" ಎಂದು ಓಣಿಯೆಲ್ಲ ಕೇಳುವಂತೆ ಕೂಗಿದವಳು ಅವಳೇ. ಅಲ್ಲಿಂದ ಮುಂಬಾಗಿಲು ತೆರೆಯಿತು.

ಮೂಗಿನ ರಕ್ತ ನಿಂತಿತು. ಒಸಡಿಗೆ ಗುಲಾಬಿ ಬಣ್ಣ ಬರುವುದನ್ನು ದಿನಾ ತುಟಿ ಎತ್ತಿ ನೋಡುತ್ತಿದ್ದೆ. ಎಡಗಣ್ಣಿನಲ್ಲಿ ರಕ್ತ ಕಟ್ಟಿತ್ತು, ಆ ನೋಟ ಮಾತ್ರ ತಿರುಗಿ ಬರಲಿಲ್ಲ. ತಿಂಗಳಿಗಾಗುವಷ್ಟು ಮಾತ್ರೆ ಕೊಟ್ಟು ಡಾಕ್ಟರಮ್ಮ ಕೈಮುಗಿಯುವ ಹಾಗೆ ಹೇಳಿದಳು: "ಆರಾಮಾಯ್ತು ಅಂತ ನಡುವೆ ನಿಲ್ಲಿಸಬೇಡಿ. ಕುರಿಗೆ ಹಾಕೋ ಔಷಧ ನಾಯಿ ಮೈಗೆ ಸುರೀಬೇಡಿ. ಒಂದು ದಿನ ಪೂರ್ತಿ ಉಣ್ಣದಿದ್ದರೆ, ಒಸಡು ಬಿಳಿಯಾದರೆ, ಮೂತ್ರ ಕೆಂಪಾದರೆ, ಫೋನ್ ಕೂಡ ಬೇಡ, ನೇರವಾಗಿ ಕರ್ಕೊಂಡು ಬನ್ನಿ." ಅವಳು ಹೇಳಿದ್ದನ್ನು ಹಾಗೆಯೇ ಇಲ್ಲಿ ಇಳಿಸಿದ್ದೇನೆ. ನಿಮ್ಮ ಮನೆಯಲ್ಲಿ ಅದಕ್ಕೆ ಉಣ್ಣಿ ಅನ್ನಿ, ಉಣಗು ಅನ್ನಿ, ಏನು ಬೇಕಾದರೂ ಅನ್ನಿ. ಕಿವಿ ಮಡಚಿ ನೋಡಿ.

ಗಬ್ಬೂರಿಗೆ ಬಂದಮೇಲೆ ನಾನು ಮಾವನ ಜೊತೆ ಮಾತು ಬಿಟ್ಟೆ. ಮಳೆಗಾಲಕ್ಕೆ ಮಂದೆ ತಿರುಗಿ ಬಂದಾಗಲೂ ಆಡಲಿಲ್ಲ. ಊಟಕ್ಕೆ ತಟ್ಟೆ ಇಟ್ಟು ಒಳಗೆ ಹೋಗುತ್ತಿದ್ದೆ. ಹಿರಿಯರು, ಗೊತ್ತಿಲ್ಲದೆ ಮಾಡಿದ್ದಾರೆ, ಒಳ್ಳೆಯದಕ್ಕೇ ಮಾಡಿದ್ದಾರೆ ಎಂದು ನಮ್ಮನೆಯವರು ಹೇಳುತ್ತಾರೆ. ಒಳ್ಳೆಯದಕ್ಕೆ ಮಾಡಿದ ಬರೆ ಸುಡುವುದಿಲ್ಲವೇ? ಗೊತ್ತಿಲ್ಲದಿದ್ದರೆ ಕೇಳಬೇಕು. ಕೇಳಿದಾಗ ಎದುರಿನವರು ತಿಳಿಯದ ಮಾತಾಡಿದರೆ ಇನ್ನೊಮ್ಮೆ ಕೇಳಬೇಕು, ನಗಬಾರದು. ನನ್ನ ಸಿಟ್ಟು ಇಷ್ಟೇ. ಇದಕ್ಕಿಂತ ದೊಡ್ಡ ಪಾಠ ಇದರಲ್ಲಿ ಏನೂ ಇಲ್ಲ.

ಮಾವ ತಪ್ಪಾಯಿತು ಎಂದು ಇವತ್ತಿಗೂ ಹೇಳಿಲ್ಲ. ಸಂಜೆ ಬಂದು ಗಿರಣಿ ಕಟ್ಟೆಯ ಮೇಲೆ ಕೂಡುತ್ತಾರೆ. ಕೆಂಚಿ, ನಾಚಿಕೆಗೆಟ್ಟ ನಾಯಿ, ಅವರ ಕಾಲ ಮೇಲೆಯೇ ತಲೆ ಇಡುತ್ತದೆ. ಅವರು ಅದರ ಕಿವಿ ಮಡಚುತ್ತಾರೆ, ಬೆರಳ ಸಂದಿ ಬಿಡಿಸುತ್ತಾರೆ, ಕೊರಳಪಟ್ಟಿ ಎತ್ತಿ ನೋಡುತ್ತಾರೆ. ನಾನು ಬೀಸುತ್ತ ನೋಡಿಯೂ ನೋಡದಂತೆ ಇರುತ್ತೇನೆ.

ಮೊನ್ನೆ ಹಾಗೆ ಕೂತಿದ್ದಾಗ ಅವರಿಗೆ ಫೋನ್ ಬಂತು. ದೇವದುರ್ಗದ ಆಚೆ ಮಂದೆ ಬಿಟ್ಟಿದ್ದ ಕುರಿಗಾರನೊಬ್ಬ. ಗಿರಣಿ ಓಡುತ್ತಿದ್ದುದರಿಂದ ಮಾವ ಕೂಗಿಯೇ ಮಾತಾಡಬೇಕಾಯಿತು.

"ಏನಪಾ? ನಾಯಿ ಉಣ್ಣವಲ್ದಾ? ಉಣ್ಣಿ ಅದಾವೇನು ನೋಡಿದ್ಯಾ?"

ಆ ಕಡೆಯವನು ಏನೆಂದನೋ, ಮಾವನ ಮುಖ ಗಂಟಾಯಿತು.

"ನಗಬ್ಯಾಡ ಮಗನs! ಕುರಿ ಉಣ್ಣಿ ಅಲ್ಲ. ಕಿವಿ ಮಡಚಿ ನೋಡು. ಉಣಗು, ಉಣಗು! ಈಗಿಂದೀಗ ರಾಯಚೂರಿಗೆ ಒಯ್ಯಿ. ಗುಳಿಗಿ ಗಿಳಿಗಿ ಹಾಕಬ್ಯಾಡ." ಆಮೇಲೆ ಸ್ವಲ್ಪ ತಡೆದರು. "ಮತ್ತ ಕುಡಗೋಲು ಕಾಸಿದಿ ಅಂದ್ರ ನೋಡು, ನನ್ನ ಸೊಸಿ ಅಲ್ಲಿಗೇ ಬರ್ತಾಳ!"

ಫೋನ್ ಇಟ್ಟ ಮೇಲೂ ಅವರ ಕೈ ಕೆಂಚಿಯ ಬಲಪಕ್ಕೆಯ ಮೇಲೆ, ಕೂದಲು ಬರದ ಆ ಪಟ್ಟೆಗಳ ಮೇಲೆಯೇ ಇತ್ತು. ನಾನು ಗಿರಣಿ ನಿಲ್ಲಿಸಿದೆ. ಒಮ್ಮೆಗೇ ಸದ್ದು ನಿಂತಿದ್ದಕ್ಕೆ ಇಬ್ಬರೂ ತಲೆ ಎತ್ತಿ ನನ್ನನ್ನು ನೋಡಿದರು, ಮಾವನೂ ಕೆಂಚಿಯೂ.

"ಚಾ ಕುಡೀತೀರೇನ್ರೀ?" ಎಂದೆ.

ಮಾವನಿಗೆ ಚಹಾದಲ್ಲಿ ಸಕ್ಕರೆ ಜಾಸ್ತಿ ಬೇಕು. ನಾನು ಹಾಕಲಿಲ್ಲ. ಅವರು ತಳದವರೆಗೂ ಕುಡಿದು ಲೋಟ ಕೆಳಗಿಟ್ಟರು.